ದಾಳಿಯನ್ನು ಕಣ್ಣಾರೆ ಕಂಡ ಪೊಲೀಸರ ಹೇಳಿಕೆ ಪಡೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಈ ವಿಷಯದಲ್ಲಿ ಓದುಗರು ಮತ್ತೆ ಮತ್ತೆ ಕೇಳುವುದು ಮೂರು ಪ್ರಶ್ನೆ. ದಾಳಿ ನಡೆದ ಜಾಗದಲ್ಲಿದ್ದ ಸಿಬ್ಬಂದಿಯನ್ನು ಅವತ್ತೇ ವಿಚಾರಿಸಬೇಕಾ, ಒಂದೆರಡು ದಿನ ಬಿಡಬೇಕಾ? ವಿಡಿಯೋ ಇದ್ದರೆ ಮೊದಲೇ ತೋರಿಸಬಹುದಾ? ಮೂರನೆಯದು ಪ್ರಶ್ನೆಗಿಂತ ಆಕ್ಷೇಪಣೆಯಂತೆ ಇರುತ್ತದೆ: ಅವರೂ ಪೊಲೀಸರೇ ಅಲ್ವಾ, ಹೇಳಿಕೆ ಬರೆದುಕೊಳ್ಳುವುದೇ ಅವರ ದಿನದ ಕೆಲಸ, ಅವರಿಗೆ ಬೇರೆ ವಿಧಾನ ಯಾಕೆ?

ಮೂರನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಸಮವಸ್ತ್ರ ಹಾಕಿಕೊಂಡ ಮಾತ್ರಕ್ಕೆ ನೆನಪು ಬೇರೆ ರೀತಿ ಕೆಲಸ ಮಾಡುವುದಿಲ್ಲ. ಎದುರಿಗೆ ಚಾಕು ಬಂದಾಗ ಎಲ್ಲರ ಎದೆಯೂ ಹೊಡೆದುಕೊಳ್ಳುತ್ತದೆ. ಪೊಲೀಸರ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಒಳ್ಳೆಯ ವರದಿ ಹೇಗಿರಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ನೆನಪಿನಲ್ಲಿ ಖಾಲಿ ಇರುವ ಜಾಗವನ್ನು ತಮಗೇ ಅರಿವಿಲ್ಲದೆ ತುಂಬಿಬಿಡುತ್ತಾರೆ. "ಹೀಗೇ ಆಗಿರಬೇಕು" ಅನ್ನುವುದು "ಹೀಗೇ ಆಯಿತು" ಎಂದು ಕಾಗದಕ್ಕೆ ಇಳಿಯುತ್ತದೆ. ಕೇಳುವವರೂ ಪೊಲೀಸರೇ ಆದಾಗ ಈ ತುಂಬುವಿಕೆ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಕೆಲಸ ಆ ಖಾಲಿ ಜಾಗಗಳನ್ನು ಖಾಲಿಯಾಗಿಯೇ ಉಳಿಸಿಕೊಳ್ಳುವುದು.

ಈ ಲೇಖನ ಸಾಕ್ಷಿಯಾಗಿರುವ ಪೊಲೀಸರ ಬಗ್ಗೆ ಮಾತ್ರ. ಗುಂಡಿನ ದಾಳಿ, ಚಾಕು ಇರಿತ, ಸ್ಫೋಟ, ಜೊತೆಗಿದ್ದ ಸಹೋದ್ಯೋಗಿಯ ಮೇಲೆ ಹಲ್ಲೆ, ಇಂಥದ್ದನ್ನು ಕಂಡವರು. ಅವರೇ ಗುಂಡು ಹಾರಿಸಿದ್ದರೆ, ಬಲ ಪ್ರಯೋಗಿಸಿದ್ದರೆ, ಅವರು ಸಾಕ್ಷಿಯೋ ಆರೋಪಕ್ಕೆ ಒಳಗಾಗಬಹುದಾದವರೋ ಎಂಬುದು ಮೊದಲು ಸ್ಪಷ್ಟವಾಗಬೇಕು. ಅದು ಸ್ಪಷ್ಟವಾಗದೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ವಕೀಲರ ನೆರವು, ಮೌನವಾಗಿರುವ ಹಕ್ಕು, ಇಲಾಖಾ ನಿಯಮ ಎಲ್ಲವೂ ಆಗ ಬದಲಾಗುತ್ತವೆ. ನಿಮ್ಮಲ್ಲಿರುವ ಕಾನೂನು ಒಂದು ಹೇಳಿ, ಇಲ್ಲಿ ಬರೆದದ್ದು ಇನ್ನೊಂದು ಹೇಳಿದರೆ, ಕಾನೂನನ್ನೇ ಪಾಲಿಸಿ.

ಮೊದಲು ತಿಳಿದಿರಬೇಕಾದದ್ದು: ದಾಳಿಯ ಹೊತ್ತಿನ ನೆನಪು

ಜೀವಭಯದ ಹೊತ್ತಿನಲ್ಲಿ ಗಮನ ಒಂದೇ ಕಡೆ ನೆಡುತ್ತದೆ. ದೃಷ್ಟಿ ಕಿರಿದಾಗಿ ಸುತ್ತಲಿನದ್ದು ಕಾಣದಂತಾಗುತ್ತದೆ. ಇದನ್ನು ಸುರಂಗ ದೃಷ್ಟಿ ಎನ್ನುತ್ತಾರೆ. ಪಕ್ಕದಲ್ಲೇ ಹಾರಿದ ಗುಂಡಿನ ಸದ್ದು ಕೇಳಿಸದೇ ಇರಬಹುದು, ಅಥವಾ ಎಲ್ಲೋ ದೂರದಲ್ಲಿ ಪಟಾಕಿ ಹೊಡೆದ ಹಾಗೆ ಕೇಳಿಸಬಹುದು. ಕೆಲವರಿಗೆ ಎರಡು ಸೆಕೆಂಡು ಎರಡು ನಿಮಿಷವಾಗಿ ಎಳೆದಂತೆ ಅನ್ನಿಸುತ್ತದೆ, ಕೆಲವರಿಗೆ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಂತೆ. ಆಯುಧ ಕಂಡರೆ ಕಣ್ಣು ಅದರ ಮೇಲೇ ಇರುತ್ತದೆ, ಹಿಡಿದವನ ಮುಖ ತಪ್ಪಿಹೋಗುತ್ತದೆ. ಇದಕ್ಕೆ ಮನಶ್ಶಾಸ್ತ್ರದಲ್ಲಿ ಆಯುಧ ಕೇಂದ್ರಿತ ಗಮನ ಎಂದು ಹೆಸರು.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಪೊಲೀಸರ ಮೇಲೆಯೇ ಪರೀಕ್ಷಿಸಿತು. 76 ಅಧಿಕಾರಿಗಳನ್ನು ಇಬ್ಬಿಬ್ಬರಾಗಿ ಒಂದು ಕೃತಕ ಘಟನೆಯೊಳಗೆ ಕಳಿಸಿದರು. ಒಬ್ಬರ ಬಳಿ ಆಯುಧ ಇತ್ತು, ಅವರು ಕರ್ತವ್ಯದಲ್ಲಿದ್ದಂತೆಯೇ ಪ್ರತಿಕ್ರಿಯಿಸಬೇಕಿತ್ತು. ಇನ್ನೊಬ್ಬರು ಸುಮ್ನೆ ನೋಡಬೇಕಿತ್ತು. ನಿರ್ಣಾಯಕ ಕ್ಷಣಗಳ ಬಗ್ಗೆ ಸರಿಯಾದ ವಿವರ ಕಡಿಮೆ ಹೇಳಿದ್ದು ಆಯುಧ ಹಿಡಿದು ಮುಂದೆ ನಿಂತವರು. ಇನ್ನೂ ಮುಖ್ಯವಾದದ್ದು ಇದು: ಒಟ್ಟು ಅಧಿಕಾರಿಗಳಲ್ಲಿ ಹತ್ತಿರಹತ್ತಿರ ಐದರಲ್ಲಿ ಒಬ್ಬರು, ದಾಳಿಕೋರ ತಮ್ಮ ಕಡೆ ಆಯುಧ ಗುರಿಯಿಟ್ಟ ಎಂದು ಹೇಳಿದರು. ಆ ಹೊತ್ತಿನಲ್ಲಿ ಆಯುಧ ಅವನ ಸೊಂಟದಲ್ಲೇ ಇತ್ತು. ಹೊರಗೆ ಬಂದಿರಲೇ ಇಲ್ಲ.

ಅವರು ಸುಳ್ಳು ಹೇಳಲಿಲ್ಲ. ಅಪಾಯವನ್ನು ನಿರೀಕ್ಷಿಸಿದ ಮನಸ್ಸು ಅದನ್ನು ಚಿತ್ರವಾಗಿ ಉಳಿಸಿಕೊಂಡಿತು. ಈ ಒಂದು ಸಂಗತಿ ನೆನಪಿದ್ದರೆ ಮುಂದಿನ ಹಂತಗಳೆಲ್ಲ ಯಾಕೆ ಹೀಗಿವೆ ಎಂದು ತಾನಾಗಿ ಅರ್ಥವಾಗುತ್ತದೆ.

ಹಂತ 1: ಮೊದಲ ಕೆಲವು ಗಂಟೆ

ಮೊದಲು ವೈದ್ಯಕೀಯ ತಪಾಸಣೆ. ಗಾಯ ಕಾಣದಿದ್ದರೂ ಮಾಡಿಸಿ. ಸ್ಫೋಟದ ಹತ್ತಿರ ಇದ್ದವರಿಗೆ, ತಲೆಗೆ ಪೆಟ್ಟು ಬಿದ್ದವರಿಗೆ ಆ ಕ್ಷಣಕ್ಕೆ ಏನೂ ಗೊತ್ತಾಗದೇ ಇರಬಹುದು. ಆಮೇಲೆ ನೀರು, ಬೆಚ್ಚಗಿನ ಜಾಗ, ಮನೆಯವರಿಗೆ ಒಂದು ಫೋನ್. ಸುದ್ದಿವಾಹಿನಿಯಲ್ಲಿ ದಾಳಿಯ ಸುದ್ದಿ ಓಡುತ್ತಿದ್ದರೆ ಮನೆಯಲ್ಲಿರುವವರ ಸ್ಥಿತಿ ಊಹಿಸಿಕೊಳ್ಳಿ. ಆ ಫೋನ್ ಆಗುವ ತನಕ ಸಾಕ್ಷಿಯ ತಲೆಯಲ್ಲಿ ಬೇರೇನೂ ಇರುವುದಿಲ್ಲ. ಘಟನೆಯ ವಿವರ ಹೇಳದೆ "ನಾನು ಚೆನ್ನಾಗಿದ್ದೇನೆ" ಎಂದಷ್ಟೇ ತಿಳಿಸಲು ಹೇಳಿ.

ಬಟ್ಟೆ, ಆಯುಧ, ಬಾಡಿ ಕ್ಯಾಮೆರಾ ಸಾಕ್ಷ್ಯವಾಗಿ ಬೇಕಿದ್ದರೆ, ಯಾಕೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಹೇಳಿ, ನಾಲ್ಕು ಜನರ ಎದುರು ಬೇಡ. ಎಲ್ಲರ ಮುಂದೆ ಸೊಂಟದ ಪಿಸ್ತೂಲು ಬಿಚ್ಚಿಸಿಕೊಂಡರೆ ತಪ್ಪು ಮಾಡಿದವರನ್ನು ಹಿಡಿದಂತೆ ಕಾಣುತ್ತದೆ. ಆ ಅವಮಾನ ಮರುದಿನದ ಹೇಳಿಕೆಯಲ್ಲೂ ಇರುತ್ತದೆ.

ಈ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇನ್ನೂ ಅಪಾಯ ಇದೆಯಾ? ತಪ್ಪಿಸಿಕೊಂಡವರು ಯಾವ ಕಡೆ ಹೋದರು, ನೋಡಲು ಹೇಗಿದ್ದರು? ಎಲ್ಲೆಲ್ಲಿ ಗಾಯಾಳುಗಳಿದ್ದಾರೆ? ಯಾವ ಜಾಗವನ್ನು ಮುಟ್ಟದೆ ಕಾಪಾಡಬೇಕು? ಇನ್ಯಾರು ನೋಡಿದ್ದಾರೆ? ಇಷ್ಟಕ್ಕೆ ನಿಲ್ಲಿಸಿ. "ಮೊದಲಿಂದ ಹೇಳಿ" ಅನ್ನುವ ಪ್ರಶ್ನೆಯ ಸಮಯ ಇದಲ್ಲ. ಕೇಳಿದ ಪ್ರಶ್ನೆ, ಬಂದ ಉತ್ತರ, ಸಮಯ, ಮೂರನ್ನೂ ಆಗಲೇ ಬರೆದಿಡಿ.

ಎಚ್ಚರಿಕೆ: ಸಾಕ್ಷಿಗಳೆಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಹೋಗಬೇಡಿ. "ನೀನು ನೋಡಿದ್ಯಾ, ಅವನ ಕೈಯಲ್ಲಿ ಇನ್ನೊಂದು ಇತ್ತು" ಅಂತ ಒಬ್ಬರು ಅಂದರೆ ಸಾಕು, ಅರ್ಧ ಗಂಟೆಯಲ್ಲಿ ಆ ಇನ್ನೊಂದು ಎಲ್ಲರ ನೆನಪಿನಲ್ಲೂ ಇರುತ್ತದೆ. ಇದು ಪಿತೂರಿಯಲ್ಲ, ನೆನಪಿನ ಸಹಜ ಗುಣ. ಹಾಗಂತ ಒಬ್ಬೊಬ್ಬರನ್ನೂ ಒಂಟಿಯಾಗಿ ಕೋಣೆಗೆ ಹಾಕಿ ಬಾಗಿಲು ಮುಚ್ಚುವುದೂ ತಪ್ಪು. ಘಟನೆಯಲ್ಲಿ ಇಲ್ಲದ, ಅವರಿಗೆ ನಂಬಿಕೆಯಿರುವ ಒಬ್ಬ ಸಹೋದ್ಯೋಗಿ ಪ್ರತಿಯೊಬ್ಬರ ಜೊತೆಗೂ ಇರಲಿ. ಮನೆ, ಊಟ, ನಿದ್ದೆ ಏನು ಬೇಕಾದರೂ ಮಾತಾಡಲಿ. ಘಟನೆಯ ವಿವರ ಮಾತ್ರ ಬೇಡ ಎಂದು ಇಬ್ಬರಿಗೂ ತಿಳಿಸಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ತುಣುಕು ವಿಡಿಯೋಗಳನ್ನು ನೋಡದಿರುವುದು ಒಳ್ಳೆಯದು ಎಂದೂ ಹೇಳಿ. ನೋಡಿಬಿಟ್ಟಿದ್ದರೆ ಬೈಯಬೇಡಿ, ಯಾವುದನ್ನು ಯಾವಾಗ ನೋಡಿದರು ಎಂದು ಬರೆದುಕೊಳ್ಳಿ.

ಹಂತ 2: ವಿವರವಾದ ಹೇಳಿಕೆ ಯಾವಾಗ?

ಇಲ್ಲಿ ತಜ್ಞರಲ್ಲೇ ಎರಡು ಮಾತಿದೆ. ನೆನಪು ದಿನದಿಂದ ದಿನಕ್ಕೆ ಮಸುಕಾಗುತ್ತದೆ, ಬೇರೆಯವರ ಮಾತು ಸೇರಿಕೊಳ್ಳುತ್ತದೆ, ಹಾಗಾಗಿ ಬೇಗ ಕೇಳಬೇಕು ಎನ್ನುವವರಿದ್ದಾರೆ. ಇಡೀ ರಾತ್ರಿ ಎಚ್ಚರವಿದ್ದು ಕೈ ನಡುಗುತ್ತಿರುವವರಿಂದ ಸರಿಯಾದ ಹೇಳಿಕೆ ಬರುವುದಿಲ್ಲ, ನಿದ್ದೆ ಮಾಡಲಿ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ನಿಜವಿದೆ.

ನನ್ನ ಅಭಿಪ್ರಾಯದಲ್ಲಿ ದಾರಿ ಎರಡನ್ನೂ ಸೇರಿಸುವುದು. ಅವತ್ತೇ, ಸ್ವಲ್ಪ ಸಾವರಿಸಿಕೊಂಡ ಮೇಲೆ, ಘಟನೆಯ ಬಗ್ಗೆ ಬೇರೆ ಸಾಕ್ಷಿಗಳ ಜೊತೆ ಮಾತಾಡುವ ಮೊದಲು, ಅವರೇ ತಮ್ಮ ಕೈಯಾರೆ ನೆನಪಿರುವುದನ್ನು ಬರೆದಿಡಲಿ. ಬರೆಯಲಾಗದಿದ್ದರೆ ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಲಿ. ಇದಕ್ಕೆಂದೇ ಮನಶ್ಶಾಸ್ತ್ರಜ್ಞರಾದ ಫಿಯೋನಾ ಗ್ಯಾಬರ್ಟ್, ಲೊರೇನ್ ಹೋಪ್ ಮತ್ತು ರೊನಾಲ್ಡ್ ಫಿಶರ್ 2009ರಲ್ಲಿ ಒಂದು ಸಾಧನ ಪ್ರಕಟಿಸಿದರು. ಸೂಚನೆಗಳಿರುವ ಒಂದು ಪುಸ್ತಿಕೆ, ಸಾಕ್ಷಿಯೇ ಅದನ್ನು ಓದಿಕೊಂಡು ತನ್ನ ಹೇಳಿಕೆ ಬರೆಯುತ್ತಾರೆ. ಹೀಗೆ ಬೇಗ ಬರೆದಿಟ್ಟವರ ನೆನಪು ಆಮೇಲೆ ಬೇಗ ಮಾಸುವುದಿಲ್ಲ. ಇಂಥ ಪುಸ್ತಿಕೆ ನಿಮ್ಮಲ್ಲಿ ಇಲ್ಲದಿದ್ದರೂ ಖಾಲಿ ಹಾಳೆಯ ಮೇಲೆ ನಾಲ್ಕು ಸೂಚನೆ ಬರೆದುಕೊಡಬಹುದು: ನೋಡಿದ್ದು, ಕೇಳಿದ್ದು ಎಲ್ಲ ಬರೆಯಿರಿ. ಊಹಿಸಬೇಡಿ. ಕ್ರಮ ತಪ್ಪಿದರೂ ಪರವಾಗಿಲ್ಲ. ಜಾಗದ ಒಂದು ಚಿತ್ರ ಬಿಡಿಸಿ.

ವಿವರವಾದ ಸಂದರ್ಶನ ಒಂದು ರಾತ್ರಿಯಾದರೂ ನಿದ್ದೆಯಾದ ಮೇಲೆ ಇರಲಿ. ಮಲಗಿದರೂ ನಿದ್ದೆ ಬರಲಿಲ್ಲ ಎಂದರೆ ಇನ್ನೊಂದು ದಿನ ಕೊಡಿ. ವಾರಗಟ್ಟಲೆ ಮಾತ್ರ ಬಿಡಬೇಡಿ. ಎಷ್ಟು ಹೊತ್ತಿಗೆ ಮಾಡಿದಿರಿ, ಯಾಕೆ ಅಷ್ಟು ತಡ ಅಥವಾ ಅಷ್ಟು ಬೇಗ ಎಂಬ ಕಾರಣವನ್ನು ಕಡತದಲ್ಲಿ ಬರೆಯಿರಿ. ನಾಳೆ ನ್ಯಾಯಾಲಯದಲ್ಲಿ ಇದೇ ಪ್ರಶ್ನೆ ಬರುತ್ತದೆ.

ಹಂತ 3: ಯಾರು, ಎಲ್ಲಿ, ಹೇಗೆ

ನೇರ ಮೇಲಧಿಕಾರಿ ಕೇಳಬಾರದು. ಬಡ್ತಿ, ವರ್ಗಾವಣೆ, ರಜೆ ಯಾರ ಕೈಯಲ್ಲಿದೆಯೋ ಅವರೆದುರು "ನನಗೆ ಕಾಲು ಕದಲಲಿಲ್ಲ ಸರ್" ಎಂದು ಹೇಳುವುದು ಎಷ್ಟು ಜನಕ್ಕೆ ಸಾಧ್ಯ? ಘಟನೆಯಲ್ಲಿದ್ದವರೂ ಕೇಳಬಾರದು. ಸಂದರ್ಶನದಲ್ಲಿ ತರಬೇತಿ ಇರುವ, ಈ ಘಟನೆಯ ಫಲಿತಾಂಶದಲ್ಲಿ ಯಾವ ಆಸಕ್ತಿಯೂ ಇಲ್ಲದ ಒಬ್ಬರು ಸಾಕು.

ಆಡಿಯೋ ಅಥವಾ ವಿಡಿಯೋ ರೆಕಾರ್ಡಿಂಗ್ ಇರಲಿ. ಬರೆದುಕೊಳ್ಳುತ್ತಾ ಕೇಳಿದರೆ ನಿಮ್ಮ ಕಣ್ಣು ಕಾಗದದ ಮೇಲಿರುತ್ತದೆ, ಸಾಕ್ಷಿ ನಿಮ್ಮ ಪೆನ್ನಿನ ವೇಗಕ್ಕೆ ಮಾತಾಡುತ್ತಾರೆ. ಕೋಣೆ ಶಾಂತವಾಗಿರಲಿ. ಬಾಗಿಲು ಸಾಕ್ಷಿಗೆ ಕಾಣುವಂತೆ ಕುರ್ಚಿ ಹಾಕಿ. ಹಿಂದಿನಿಂದ ಯಾರಾದರೂ ಬರಬಹುದು ಅನ್ನುವ ಆತಂಕ ದಾಳಿ ಕಂಡವರಲ್ಲಿ ಸಾಮಾನ್ಯ. ಫೋನ್, ವಾಕಿಟಾಕಿ ಎಲ್ಲ ಹೊರಗೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳಿ. ಸಾಕ್ಷ್ಯದ ಸಂದರ್ಶನ ಬೇರೆ, ಆಪ್ತ ಸಮಾಲೋಚನೆ ಬೇರೆ. ಸಮಾಲೋಚಕರ ಬಳಿ ಆಡಿದ ಮಾತು ಅಲ್ಲೇ ಉಳಿಯಬೇಕು, ನಿಮ್ಮ ಬಳಿ ಆಡಿದ್ದು ಕಡತಕ್ಕೆ ಹೋಗುತ್ತದೆ. "ಮನಸ್ಸು ಹಗುರ ಮಾಡ್ಕೊಳ್ಳಿ" ಎಂದು ಕರೆದು ಹೇಳಿಕೆ ತೆಗೆದುಕೊಳ್ಳುವುದು ಮೋಸ. ಹಾಗೆಯೇ ದಾಳಿಯ ಬೆನ್ನಲ್ಲೇ ಎಲ್ಲರನ್ನೂ ಕಡ್ಡಾಯವಾಗಿ ಗುಂಪಾಗಿ ಕೂರಿಸಿ ಅನುಭವ ಹೇಳಿಸುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಅಂಥ ಒಂದೇ ಕೂಟದಿಂದ ಮುಂದಿನ ಮಾನಸಿಕ ತೊಂದರೆ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ. ಸಾಕ್ಷ್ಯದ ದೃಷ್ಟಿಯಿಂದಂತೂ ಎಲ್ಲರ ನೆನಪೂ ಕಲಸಿಹೋಗುತ್ತದೆ.

ಹಂತ 4: ಶುರು ಮಾಡುವ ಮೊದಲ ಐದು ನಿಮಿಷ

ನೇರವಾಗಿ ಘಟನೆಗೆ ಹೋಗಬೇಡಿ. ಇದನ್ನು ಯಾಕೆ ಮಾಡುತ್ತಿದ್ದೀರಿ, ಎಷ್ಟು ಹೊತ್ತು, ಯಾರು ಓದುತ್ತಾರೆ, ಬೇಕಾದಾಗ ನಿಲ್ಲಿಸಬಹುದು ಎಂದು ತಿಳಿಸಿ. ಆಮೇಲೆ ಈ ಮಾತುಗಳನ್ನು ನಿಮ್ಮದೇ ರೀತಿಯಲ್ಲಿ ಹೇಳಿ:

"ನಾನು ಅಲ್ಲಿರಲಿಲ್ಲ, ನೀವಿದ್ರಿ. ಹಾಗಾಗಿ ಇವತ್ತು ಜಾಸ್ತಿ ಮಾತಾಡುವವರು ನೀವು, ಕೇಳಿಸಿಕೊಳ್ಳುವವನು ನಾನು. ನೆನಪಿಲ್ಲ ಅಂದ್ರೆ ನೆನಪಿಲ್ಲ ಅನ್ನಿ, ಅದೂ ಉತ್ತರವೇ. ಗೊತ್ತಿಲ್ಲದ್ದನ್ನು ಅಂದಾಜಿಗೆ ಹೇಳಬೇಡಿ. ನಾನು ತಪ್ಪಾಗಿ ಅರ್ಥ ಮಾಡಿಕೊಂಡ್ರೆ ಅಲ್ಲೇ ತಿದ್ದಿ. ನಾನು ನಿಮಗಿಂತ ಮೇಲಿನ ಹುದ್ದೆಯಲ್ಲಿದ್ದರೂ ತಿದ್ದಿ."

ಕೊನೆಯ ವಾಕ್ಯವನ್ನು ಬಿಡಬೇಡಿ. ಶ್ರೇಣಿಯ ವ್ಯವಸ್ಥೆಯಲ್ಲಿ ಬೆಳೆದವರು ಮೇಲಿನವರ ಮಾತಿಗೆ "ಹೌದು ಸರ್" ಅನ್ನುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಕಾನ್‌ಸ್ಟೆಬಲ್ ಒಬ್ಬರು ಇನ್ಸ್‌ಪೆಕ್ಟರ್‌ಗೆ "ಇಲ್ಲ ಸರ್, ನಾನು ಹಾಗೆ ಹೇಳಲಿಲ್ಲ" ಎನ್ನಲು ಮುಂಚೆಯೇ ಅನುಮತಿ ಸಿಕ್ಕಿರಬೇಕು.

ಹಂತ 5: ತಡೆಯದೆ ಕೇಳಿ

ಈ ಹಂತದ ಬುನಾದಿ ಕಾಗ್ನಿಟಿವ್ ಇಂಟರ್‌ವ್ಯೂ ಎಂಬ ಪದ್ಧತಿ. ನೆನಪು ಹೇಗೆ ಕೆಲಸ ಮಾಡುತ್ತದೋ ಅದಕ್ಕೆ ಹೊಂದುವಂತೆ ಕೇಳುವ ವಿಧಾನ ಎಂದು ಸರಳವಾಗಿ ಹೇಳಬಹುದು. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಗೈಸೆಲ್‌ಮನ್ ಮತ್ತು ರೊನಾಲ್ಡ್ ಫಿಶರ್ ಇದನ್ನು ರೂಪಿಸಿದರು. 1990ರ ದಶಕದ ಆರಂಭದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರಿಗಾಗಿ ಬಂದ ಪೀಸ್ ಎಂಬ ಐದು ಹಂತಗಳ ಸಂದರ್ಶನ ಪದ್ಧತಿಯಲ್ಲಿ ಸಾಕ್ಷಿಗಳ ಮಟ್ಟಿಗೆ ಇದಕ್ಕೆ ಜಾಗ ಸಿಕ್ಕಿತು.

ಮೊದಲು ಸಾಕ್ಷಿಯನ್ನು ಆ ದಿನಕ್ಕೆ ಮೆಲ್ಲಗೆ ಕರೆದೊಯ್ಯಿರಿ, ದಾಳಿಗಿಂತ ಸಾಕಷ್ಟು ಮುಂಚಿನ ಹೊತ್ತಿಗೆ. "ಅವತ್ತು ಡ್ಯೂಟಿಗೆ ಬಂದಾಗಿನಿಂದ ನೆನಪು ಮಾಡಿಕೊಳ್ಳಿ. ಎಲ್ಲಿ ನಿಂತಿದ್ರಿ, ಬೆಳಕು ಹೇಗಿತ್ತು, ಸುತ್ತ ಏನು ಸದ್ದಿತ್ತು. ಅವಸರ ಇಲ್ಲ." ಬೇಕಿದ್ದರೆ ಕಣ್ಣು ಮುಚ್ಚಿಕೊಳ್ಳಲಿ, ಅಥವಾ ನೆಲ ನೋಡಲಿ. ಒತ್ತಾಯ ಬೇಡ. ಕಣ್ಣು ಮುಚ್ಚಿದರೆ ಆ ದೃಶ್ಯ ಮೈಮೇಲೆ ಬಂದಂತಾಗುವವರೂ ಇದ್ದಾರೆ. ಆಮೇಲೆ ಒಂದೇ ಮಾತು: "ಅಲ್ಲಿಂದ ಮುಂದೆ ಏನೇನಾಯಿತು, ಎಲ್ಲ ಹೇಳಿ."

ಈಗ ಸುಮ್ಮನಿರಿ. ಕೇಳಲು ಸುಲಭ, ಮಾಡುವುದು ಕಷ್ಟ. ಫಿಶರ್ ಮತ್ತು ಸಂಗಡಿಗರು 1987ರಲ್ಲಿ ಪೊಲೀಸ್ ಸಂದರ್ಶನಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಸಾಕ್ಷಿ ಮಾತು ಶುರುಮಾಡಿ ಸರಾಸರಿ ಏಳೂವರೆ ಸೆಕೆಂಡಿಗೆ ಅಧಿಕಾರಿ ಬಾಯಿ ಹಾಕುತ್ತಿದ್ದರು. ಎರಡು ಸಲ ಹೀಗೆ ತಡೆದರೆ ಸಾಕ್ಷಿ ಉದ್ದ ಮಾತಾಡುವುದನ್ನೇ ಬಿಡುತ್ತಾರೆ, ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಾರೆ. ಮಾತು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಬಹಳ ಸಲ ಮುಖ್ಯವಾದ ವಿವರ ಬರುವುದೇ ಆ ಮೌನದ ನಂತರ.

ಪೊಲೀಸ್ ಸಾಕ್ಷಿಗಳಲ್ಲಿ ಮಾತ್ರ ಬರುವ ಸಮಸ್ಯೆ ಇಲ್ಲೇ ಶುರುವಾಗುವುದು. ಅವರು ವರದಿಯ ಭಾಷೆಯಲ್ಲಿ ಮಾತಾಡುತ್ತಾರೆ. ಹೀಗೆಂದುಕೊಳ್ಳಿ:

"ಸದರಿ ವ್ಯಕ್ತಿಯು ಮಾರಕಾಸ್ತ್ರ ಹಿಡಿದು ಕೊಲ್ಲುವ ಉದ್ದೇಶದಿಂದ ನಮ್ಮತ್ತ ಧಾವಿಸಿ ಬಂದ."

ಓದಲು ಅಚ್ಚುಕಟ್ಟಾಗಿದೆ. ಇದರಲ್ಲಿ ಕಣ್ಣು ಕಂಡದ್ದು ಎಷ್ಟು? ಉದ್ದೇಶ ಕಣ್ಣಿಗೆ ಕಾಣುವ ವಸ್ತುವಲ್ಲ. ಮಾರಕಾಸ್ತ್ರ ಅಂದರೆ ಏನು? ಧಾವಿಸಿದ ಎಂದರೆ ಓಡಿದನೋ, ಬೇಗ ನಡೆದನೋ? ನಮ್ಮತ್ತ ಎಂದರೆ ಯಾರ ಕಡೆ? ಈ ವಾಕ್ಯವನ್ನು ತಡೆಯಬೇಡಿ, ಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳಿ. ಅವರ ಮಾತೆಲ್ಲ ಮುಗಿದ ಮೇಲೆ ಆ ಜಾಗಕ್ಕೆ ಮರಳಿ: "ಅವನು ನಿಮ್ಮತ್ತ ಧಾವಿಸಿ ಬಂದ ಅಂದ್ರಿ. ಆ ಕ್ಷಣ ನಿಮ್ಮ ಕಣ್ಣಿಗೆ ಏನು ಕಾಣ್ತಿತ್ತು, ಅದನ್ನ ಹೇಳಿ."

ಆಗ ಬರುವ ಉತ್ತರ ಬೇರೆಯೇ ಇರಬಹುದು. "ಕಾಣ್ತಿದ್ದದ್ದು ಕೈ ಸರ್. ಬಲಗೈ. ಏನೋ ಹೊಳೀತು. ಮುಖ ನೋಡ್ಲೇ ಇಲ್ಲ." ಇದು ಸಾಕ್ಷ್ಯ. ಹೊಳೆದದ್ದು ಚಾಕು ಎಂದು ಗೊತ್ತಾದದ್ದು ಯಾವಾಗ ಎಂಬುದು ಮುಂದಿನ ಪ್ರಶ್ನೆ. ಆಗಲೇ ಗೊತ್ತಾಯಿತೋ, ನೆಲದ ಮೇಲೆ ಬಿದ್ದಾಗ ಕಂಡರೋ, ಆಮೇಲೆ ಯಾರಾದರೂ ಹೇಳಿದರೋ? ಪ್ರತಿ ಮುಖ್ಯ ವಿವರಕ್ಕೂ ಈ ಮೂರರಲ್ಲಿ ಯಾವುದು ಎಂದು ಬಿಡಿಸಿಕೊಳ್ಳಿ: ಕಂಡದ್ದು, ಊಹಿಸಿದ್ದು, ಆಮೇಲೆ ತಿಳಿದದ್ದು. ಇಡೀ ಸಂದರ್ಶನದಲ್ಲಿ ಒಂದೇ ಕೆಲಸ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಹಂತ 6: ವಿವರಕ್ಕೆ ಇಳಿಯುವುದು

ಅವರು ಬಳಸಿದ ಮಾತನ್ನೇ ಹಿಡಿದು ಕೇಳಿ. ಅವರು ಬಾಯಿಬಿಡದ ವಿಷಯವನ್ನು ನೀವು ಪ್ರಶ್ನೆಯೊಳಗೆ ಸೇರಿಸಬೇಡಿ. "ಚಾಕು ಯಾವ ಕೈಯಲ್ಲಿತ್ತು?" ಎಂದು ಕೇಳಿದರೆ ಚಾಕು ಇತ್ತು ಎಂದು ನೀವೇ ಹೇಳಿಕೊಟ್ಟಂತೆ. "ಅವನ ಕೈಗಳ ಬಗ್ಗೆ ಹೇಳಿ" ಅನ್ನಿ. ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲೇ ತೋರಿಸಿಕೊಟ್ಟಿದ್ದಾರೆ: ಕಾರು ಅಪಘಾತದ ಅದೇ ಚಿತ್ರ ನೋಡಿದವರು, ಪ್ರಶ್ನೆಯಲ್ಲಿ ಜೋರಾದ ಪದ ಬಂದಾಗ ಕಾರಿನ ವೇಗವನ್ನೂ ಜಾಸ್ತಿ ಹೇಳಿದರು. ಚಿತ್ರದಲ್ಲಿ ಇಲ್ಲವೇ ಇಲ್ಲದ ಒಡೆದ ಗಾಜನ್ನು ನೋಡಿದೆವು ಎಂದವರೂ ಅವರಲ್ಲಿ ಹೆಚ್ಚು.

ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಕೊನೆಗಿಡಿ. ಒಂದು ಸಲಕ್ಕೆ ಒಂದು ಪ್ರಶ್ನೆ. ಅವರ ಮನಸ್ಸು ಯಾವ ದೃಶ್ಯದಲ್ಲಿದೆಯೋ ಅಲ್ಲೇ ಇದ್ದು ಪೂರ್ತಿ ಕೇಳಿ ಮುಗಿಸಿ, ಆಮೇಲೆ ಮುಂದಕ್ಕೆ ಹೋಗಿ. ಗೇಟಿನ ಹತ್ತಿರದ ವಿಷಯ ಹೇಳುತ್ತಿರುವಾಗ ಜೀಪಿನ ಬಗ್ಗೆ ಕೇಳಿ, ಮತ್ತೆ ಗೇಟಿಗೆ ಬಂದರೆ ಎರಡೂ ಕೆಡುತ್ತವೆ.

ಹಾಳೆ, ಪೆನ್ಸಿಲ್ ಕೊಡಿ. ಚಿತ್ರ ಬಿಡಿಸುತ್ತಾ ಮಾತಾಡಲಿ. ಯಾರು ಎಲ್ಲಿದ್ದರು, ತಾವು ಎಲ್ಲಿಂದ ನೋಡಿದರು ಎಂಬುದು ಮಾತಿಗಿಂತ ಗೆರೆಯಲ್ಲಿ ಸುಲಭವಾಗಿ ಬರುತ್ತದೆ. ನಿಮ್ಮ ಮುಖ ನೋಡುವ ಒತ್ತಡವೂ ತಪ್ಪುತ್ತದೆ. ಅಂತರ, ಸಮಯ, ಗುಂಡಿನ ಸಂಖ್ಯೆ, ಇಂಥ ಲೆಕ್ಕಗಳನ್ನು ಒತ್ತಿ ಕೇಳಬೇಡಿ. ಒತ್ತಿದರೆ ಸಂಖ್ಯೆ ಬರುತ್ತದೆ, ಅದು ನೆನಪಿನಿಂದ ಬಂದಿರುವುದಿಲ್ಲ. "ಎಷ್ಟು ಮೀಟರ್?" ಅನ್ನುವ ಬದಲು ಕೋಣೆಯಲ್ಲೇ ತೋರಿಸಲಿ: ಇಲ್ಲಿಂದ ಆ ಬಾಗಿಲಿನಷ್ಟು ದೂರ.

ಇನ್ನು "ಯಾಕೆ". "ಯಾಕೆ ಮುಂದೆ ಹೋಗಲಿಲ್ಲ?" "ಯಾಕೆ ಕೂಡಲೇ ವೈರ್‌ಲೆಸ್‌ನಲ್ಲಿ ತಿಳಿಸಲಿಲ್ಲ?" ಇವು ಸಾಕ್ಷಿಯ ಕಿವಿಗೆ ದೋಷಾರೋಪಣೆ. ಬಹಳಷ್ಟು ಸಲ ಅವರು ರಾತ್ರಿಯೆಲ್ಲ ಇದೇ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರುತ್ತಾರೆ. ಸಹೋದ್ಯೋಗಿ ಸತ್ತು ತಾವು ಉಳಿದಿದ್ದರೆ ಅದರ ಭಾರ ಇನ್ನೂ ಹೆಚ್ಚು. "ಆ ಹೊತ್ತಿಗೆ ನಿಮಗೆ ಏನೇನು ತಿಳಿದಿತ್ತು? ನಿಮ್ಮ ಮನಸ್ಸಿಗೆ ಏನು ಬಂತು?" ಎಂದು ಕೇಳಿದರೆ ಅದೇ ಮಾಹಿತಿ ಬರುತ್ತದೆ, ಗಾಯ ಕೆದಕದೆ.

ಕಾಗ್ನಿಟಿವ್ ಇಂಟರ್‌ವ್ಯೂ ಪದ್ಧತಿಯಲ್ಲಿ ಘಟನೆಯನ್ನು ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಹೇಳಿಸುವುದು, ಬೇರೆಯವರ ಜಾಗದಲ್ಲಿ ನಿಂತು ನೋಡಿದಂತೆ ಹೇಳಿಸುವುದು ಎಂಬ ಎರಡು ತಂತ್ರಗಳೂ ಇವೆ. ದಾಳಿ ಕಂಡವರ ಮೇಲೆ ಎರಡನೆಯದನ್ನು ಬಳಸಬೇಡಿ. ಊಹೆಗೆ ದಾರಿ ಮಾಡಿಕೊಡುತ್ತದೆ. ಅದರಲ್ಲೂ "ನಿಮ್ಮ ಸಹೋದ್ಯೋಗಿಗೆ ಏನು ಕಂಡಿರಬಹುದು" ಎಂದು ಕೇಳುವುದು ಕ್ರೂರ.

ಹಂತ 7: ಮಧ್ಯದಲ್ಲಿ ಸಾಕ್ಷಿ ಕುಸಿದರೆ

ಅಳು ಬಂದರೆ ಗಾಬರಿಯಾಗಬೇಡಿ, ಅದು ನಿಲ್ಲುವ ತನಕ ಕಾಯಿರಿ. ಹೆಚ್ಚು ಗಮನಿಸಬೇಕಾದದ್ದು ಸದ್ದಿಲ್ಲದ ಲಕ್ಷಣಗಳನ್ನು. ಕಣ್ಣು ಒಂದೇ ಕಡೆ ನೆಟ್ಟು ಉತ್ತರ ನಿಂತುಹೋಗುವುದು. "ಬಂದ" ಎನ್ನುತ್ತಿದ್ದವರು "ಬರ್ತಿದ್ದಾನೆ" ಎಂದು ಶುರುಮಾಡುವುದು. ಉಸಿರು ಮೇಲೆ ಮೇಲೆ ಬರುವುದು. ಆಗ ಅವರು ನೆನಪು ಮಾಡಿಕೊಳ್ಳುತ್ತಿಲ್ಲ, ಆ ಕ್ಷಣದೊಳಗೇ ಇದ್ದಾರೆ.

ಪ್ರಶ್ನೆ ನಿಲ್ಲಿಸಿ. ಹೆಸರು ಹಿಡಿದು ಶಾಂತವಾಗಿ ಕರೆಯಿರಿ. ಈಗ ಎಲ್ಲಿದ್ದಾರೆ, ಯಾವ ದಿನ, ಇಲ್ಲಿ ಅಪಾಯವಿಲ್ಲ ಎಂದು ಹೇಳಿ. ಪಾದ ನೆಲಕ್ಕೆ ಒತ್ತಲು, ಕೋಣೆಯಲ್ಲಿ ಕಾಣುವ ನಾಲ್ಕೈದು ವಸ್ತುಗಳ ಹೆಸರು ಹೇಳಲು ಕೇಳಿ. ಕೇಳದೆ ಮುಟ್ಟಬೇಡಿ, ಬೆನ್ನು ಸವರುವುದೂ ಬೇಡ. ವಿರಾಮದ ನಂತರ ಮುಂದುವರಿಸುವುದೋ ಇನ್ನೊಂದು ದಿನವೋ ಎಂದು ಅವರೇ ಹೇಳಲಿ.

ಆಡಬಾರದ ಮಾತುಗಳೂ ಇವೆ. "ನೀವು ಪೊಲೀಸರು, ಧೈರ್ಯವಾಗಿರಬೇಕು." "ಇದಕ್ಕಿಂತ ಭಯಂಕರ ನೋಡಿದ್ದೇವೆ." "ನೀವು ಮಾಡಿದ್ದು ಸರಿಯಾಗೇ ಇದೆ." ಮೊದಲ ಎರಡು ನೋಯಿಸುತ್ತವೆ. ಮೂರನೆಯದು ಒಳ್ಳೆಯ ಮನಸ್ಸಿನಿಂದ ಬಂದರೂ ತೀರ್ಪು ಕೊಟ್ಟಂತೆ, ಆ ಹಕ್ಕು ಸಂದರ್ಶಕರಿಗಿಲ್ಲ. "ಇದನ್ನು ಹೇಳುವುದು ಸುಲಭವಲ್ಲ, ಗೊತ್ತು. ನಿಧಾನವಾಗಿ ಹೇಳಿ." ಇಷ್ಟು ಸಾಕು.

ಹಂತ 8: ವಿಡಿಯೋ ಯಾವಾಗ ತೋರಿಸಬೇಕು?

ಮೊದಲು ನೆನಪು, ಆಮೇಲೆ ವಿಡಿಯೋ. ಮೊದಲೇ ತೋರಿಸಿದರೆ ಆಮೇಲೆ ಬರುವ ಹೇಳಿಕೆ ವಿಡಿಯೋದ ವಿವರಣೆಯಾಗುತ್ತದೆ. ಅವರ ಕಣ್ಣಿಗೆ ಏನು ಕಂಡಿತ್ತು ಎಂಬುದು ಕಳೆದುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಮೊದಲೇ ತೋರಿಸಿದರೆ ಹೇಳಿಕೆ ಪೂರ್ಣವಾಗುತ್ತದೆ ಎನ್ನುವವರೂ ಇದ್ದಾರೆ, ಕೆಲವು ಇಲಾಖೆಗಳಲ್ಲಿ ನಿಯಮವೇ ಹಾಗಿದೆ. ನಿಯಮ ಕೈಕಟ್ಟದಿದ್ದರೆ, ಮೊದಲ ಹೇಳಿಕೆ ರೆಕಾರ್ಡ್ ಆಗಿ ಸಹಿಯಾದ ಮೇಲೆ ತೋರಿಸಿ, ಆಮೇಲೆ ಹೇಳಿದ್ದನ್ನು ಪ್ರತ್ಯೇಕವಾಗಿ ದಾಖಲಿಸಿ. ಎರಡನ್ನೂ ಸೇರಿಸಿ ಒಂದು ಮಾಡಬೇಡಿ.

ವಿಡಿಯೋಗೂ ಮಿತಿಗಳಿವೆ. ಬಾಡಿ ಕ್ಯಾಮೆರಾ ಎದೆ ತಿರುಗಿದ ಕಡೆ ನೋಡುತ್ತದೆ, ಕಣ್ಣು ತಿರುಗಿದ ಕಡೆಗಲ್ಲ. ಕತ್ತಲಲ್ಲಿ ಕಣ್ಣಿಗಿಂತ ಹೆಚ್ಚು ಕಾಣಬಹುದು, ಕಡಿಮೆಯೂ ಕಾಣಬಹುದು. ಕ್ಯಾಮೆರಾಗೆ ಭಯವಿಲ್ಲ, ಸುರಂಗ ದೃಷ್ಟಿಯಿಲ್ಲ. ಸಾಕ್ಷಿ ಎರಡು ಗುಂಡು ಕೇಳಿದೆ ಎಂದು ಹೇಳಿ, ವಿಡಿಯೋದಲ್ಲಿ ಐದು ಇದ್ದರೆ, ಅವರು ಸುಳ್ಳುಗಾರರಾಗುವುದಿಲ್ಲ. ಕೇಳುವ ರೀತಿ ಹೀಗಿರಲಿ: "ನೀವು ಎರಡು ಅಂದ್ರಿ. ವಿಡಿಯೋದಲ್ಲಿ ಬೇರೆ ಸಂಖ್ಯೆ ಕೇಳಿಸ್ತಿದೆ. ಅದರ ಬಗ್ಗೆ ಏನಾದ್ರೂ ಹೇಳ್ತೀರಾ?" ಅವರು "ನನಗೆ ಎರಡೇ ಕೇಳಿಸಿದ್ದು" ಎಂದರೆ ಅದನ್ನೇ ಬರೆಯಿರಿ. ಹೇಳಿಕೆಯಲ್ಲಿ ಎರಡನ್ನು ಐದು ಮಾಡಿಸಿದರೆ ಕಡತ ಚೆಂದವಾಗಿ ಕಾಣುತ್ತದೆ, ಅಡ್ಡ ಪ್ರಶ್ನೆಯಲ್ಲಿ ಪೂರ್ತಿ ಕುಸಿಯುತ್ತದೆ.

ಆರೋಪಿಯನ್ನು ಗುರುತಿಸುವ ಕೆಲಸಕ್ಕೂ ಇದೇ ಎಚ್ಚರ ಬೇಕು. ಅಮೆರಿಕದ ಸೇನೆಯ ಬದುಕುಳಿಯುವ ತರಬೇತಿಯಲ್ಲಿದ್ದ ಐನೂರಕ್ಕೂ ಹೆಚ್ಚು ಯೋಧರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆಗೂ ಮೇಲೆ ಎದುರುಬದುರು ಕೂತು ತಮ್ಮನ್ನು ಕಠಿಣವಾಗಿ ಪ್ರಶ್ನಿಸಿದವರನ್ನೇ ಬಹಳಷ್ಟು ಯೋಧರು ಆಮೇಲೆ ಸರಿಯಾಗಿ ಗುರುತಿಸಲಿಲ್ಲ. ಒತ್ತಡ ಕಡಿಮೆ ಇದ್ದ ವಿಚಾರಣೆಯಲ್ಲಿ ಗುರುತು ಹೆಚ್ಚು ಸರಿಯಾಗಿತ್ತು. ತರಬೇತಿ ಪಡೆದ ಕಣ್ಣು ತಪ್ಪುವುದಿಲ್ಲ ಎಂದು ನಂಬಿ, ಠಾಣೆಯಲ್ಲಿ ಕೂತ ಒಬ್ಬನನ್ನು ತೋರಿಸಿ "ಇವನೇನಾ?" ಎಂದು ಕೇಳುವುದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಹಂತ 9: ಬರಹ, ಸಹಿ, ಆಮೇಲಿನ ದಿನಗಳು

ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆಯಿರಿ. "ಏನೋ ಹೊಳೀತು" ಎಂದದ್ದು "ಹರಿತವಾದ ಆಯುಧ ಪ್ರದರ್ಶಿಸಿದ" ಆಗಬಾರದು. ನೆನಪಿಲ್ಲ ಎಂದ ಜಾಗದಲ್ಲಿ ನೆನಪಿಲ್ಲ ಎಂದೇ ಇರಲಿ. ಇಬ್ಬರು ಸಾಕ್ಷಿಗಳ ಹೇಳಿಕೆ ಹೊಂದದಿದ್ದರೆ ಹಾಗೆಯೇ ಬಿಡಿ. ಅಕ್ಷರಕ್ಕೆ ಅಕ್ಷರ ಹೊಂದುವ ಎರಡು ಹೇಳಿಕೆಗಳೇ ಹೆಚ್ಚು ಅನುಮಾನ ಹುಟ್ಟಿಸುತ್ತವೆ. ಪೂರ್ತಿ ಓದಿ ಹೇಳಿ, ತಿದ್ದಿಸಿ, ತಿದ್ದಿದ ಜಾಗ ಕಾಣುವಂತೆ ಉಳಿಸಿ ಸಹಿ ಪಡೆಯಿರಿ.

ಘಟನೆಯ ಅತ್ಯಂತ ಕಷ್ಟದ ಕ್ಷಣದಲ್ಲಿ ಸಂದರ್ಶನ ಮುಗಿಸಿ ಎದ್ದು ಹೋಗಬೇಡಿ. ಆ ದಿನ ಹೇಗೆ ಮುಗಿಯಿತು, ಈಗ ಮನೆಗೆ ಹೇಗೆ ಹೋಗುತ್ತಾರೆ, ಮನೆಯಲ್ಲಿ ಯಾರಿದ್ದಾರೆ ಎಂದು ಮಾತಾಡಿಸಿ ಇವತ್ತಿಗೆ ಕರೆತನ್ನಿ. ಅವರೇ ಗಾಡಿ ಓಡಿಸಿಕೊಂಡು ಹೋಗುವುದು ಬೇಡ.

ನಿದ್ದೆ ಕೆಡುವುದು, ಸದ್ದಿಗೆ ಬೆಚ್ಚುವುದು, ಆ ದೃಶ್ಯ ಮತ್ತೆ ಮತ್ತೆ ಬರುವುದು ಮೊದಲ ವಾರಗಳಲ್ಲಿ ಸಾಮಾನ್ಯ ಎಂದು ತಿಳಿಸಿ. ಒಂದು ತಿಂಗಳು ದಾಟಿದರೂ ಹಾಗೇ ಇದ್ದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಮಾತು ಬಂದರೆ, ಕುಡಿತ ಹೆಚ್ಚಾದರೆ ತಿಂಗಳವರೆಗೆ ಕಾಯದೆ ಅವತ್ತೇ ವೈದ್ಯರ ಹತ್ತಿರ ಕರೆದೊಯ್ಯಬೇಕು. ಅಂಥವರ ಬಳಿ ಸರ್ಕಾರಿ ಆಯುಧ ಇದೆಯೇ ಎಂಬುದನ್ನೂ ಮೇಲಿನವರು ಆಗಲೇ ಗಮನಿಸಬೇಕು.

ಹೊಸ ವಿವರಗಳು ಆಮೇಲೂ ನೆನಪಾಗುತ್ತವೆ. ಇದು ಸಹಜ ಎಂದು ಮುಂಚೆಯೇ ಹೇಳಿ, ಇಲ್ಲದಿದ್ದರೆ "ಮೊದಲೇ ಯಾಕೆ ಹೇಳಲಿಲ್ಲ ಅಂತಾರೆ" ಎಂದು ಹೆದರಿ ನುಂಗಿಕೊಳ್ಳುತ್ತಾರೆ. ನಿಮ್ಮ ಫೋನ್ ನಂಬರ್ ಕೊಡಿ. ಕರೆ ಬಂದರೆ ಫೋನಿನಲ್ಲೇ ಕೇಳಿ ಮುಗಿಸಬೇಡಿ, ಕರೆದು ಪೂರಕ ಹೇಳಿಕೆ ಪಡೆಯಿರಿ. ಅದರಲ್ಲಿ ಮೂರು ವಿಷಯ ತಪ್ಪದೆ ಇರಲಿ: ಯಾವತ್ತು ನೆನಪಾಯಿತು, ಆಗ ಅವರು ಏನು ಮಾಡುತ್ತಿದ್ದರು, ಅಷ್ಟರೊಳಗೆ ಘಟನೆಯ ಬಗ್ಗೆ ಯಾರ ಜೊತೆ ಮಾತಾಡಿದ್ದರು, ಏನು ನೋಡಿದ್ದರು. ಮೊದಲ ಹೇಳಿಕೆಯನ್ನು ಮುಟ್ಟಬೇಡಿ, ಅದರ ಹಿಂದೆ ಇದನ್ನು ಲಗತ್ತಿಸಿ.